ನಾನು ತೊಳೆದ ಕಪ್ಪೆಗಲ್ಲು

ಆಗ ಆಂಟಾಪ್ ಹಿಲ್ ಕಡೆ ಗುಡ್ಡ ಒಡೆಯುವ ಕೆಲಸ ನಡೆದಿತ್ತು. ಗಂಡ ಕಲ್ಲು ಒಡೆಯುತ್ತಿದ್ದ, ನಾನು ಬುಟ್ಟಿಯಲ್ಲಿ ಖಡಿ ಹೊರುತ್ತಿದ್ದೆ. ಆ ದಿನಗಳು ಈಗಲೂ ಬೇಕೆನಿಸುತ್ತವೆ. ಸುಖವಿತ್ತು ಎಂದಲ್ಲ, ಮೈಯಲ್ಲಿ ಕಸುವಿತ್ತು.

ಒಂದು ದಿನ ಕರಿಕಲ್ಲಿನ ನಡುವೆ ಬೂದು ಬಣ್ಣದ ಮೆತ್ತನೆಯ ಪದರ ಸಿಕ್ಕಿತು. ಒಂದು ತುಂಡು ಬಿರಿದು ಒಳಗೆ ಕಪ್ಪೆಯ ಎಲುಬಿನ ಗುರುತು ಕಂಡಿತು, ಹೆಬ್ಬೆರಳಿನಷ್ಟು. ನಾಲ್ಕನೇ ಇಯತ್ತೆಯ ಮಗಳು ಅದನ್ನು ಕನ್ನಡ ಶಾಲೆಯ ಮಾಸ್ತರರಿಗೆ ತೋರಿಸಿದಳು. ಆ ವರ್ಷ ಅವಳನ್ನು ಶಾಲೆ ಬಿಡಿಸಿ ಖಡಿ ಹೊರಲು ಹಚ್ಚಬೇಕೆಂದು ಗಂಡ ಗಟ್ಟಿ ಮಾಡಿಕೊಂಡಿದ್ದ.

ಮಾಸ್ತರರು ಸಂಜೆ ಮನೆಗೇ ಬಂದರು. "ಈ ನೆಲ ಒಂದ್ ಕಾಲಕ್ಕ ಬಾಯಿ ಬಿಟ್ಟು ಬೆಂಕಿ ಕಾರಿತ್ರಿ. ಅದು ಆರಿ ಈ ಕರಿಕಲ್ಲಾತು. ಅದರ ಆಸುಪಾಸಿನ ಕಾಲದಾಗ ಭೂಮಿ ಮ್ಯಾಲಿನ ದೊಡ್ಡ ದೊಡ್ಡ ಪ್ರಾಣಿ ಕುಲಸಮೇತ ಹೋದವು."

"ಎಲ್ಲಾ ಸತ್ತಿದ್ರ, ಮಳಿಗಾಲದಾಗ ನಮ್ಮ ಗಟಾರದಾಗ ಒದರೋವು ಯಾವ್ರಿ?" ಎಂದೆ.

ಮಾಸ್ತರರು ನಕ್ಕರು. "ಸಣ್ಣವು ಕೆಲವು ಹ್ಯಾಂಗೋ ಉಳಕೊಂಡವು. ಈ ಕಲ್ಲಿನ್ಯಾಗಿನ ಕಪ್ಪಿ ಆ ಕಾಲದ್ದು. ಐತವಾರ ಕಾಲೇಜಿನವರನ್ನ ಕರಕೊಂಡ್ ಬರತೀನಿ." ಗಂಡನ ಕಡೆ ತಿರುಗಿ, "ಇಂಥಾ ಹುಡುಗಿನ್ನ ಸಾಲಿ ಬಿಡಿಸಬ್ಯಾಡ್ರಿ" ಎಂದರು.

"ಬಂದವರು ಏನಂತಾರ ನೋಡೂಣು" ಎಂದ ಗಂಡ.

ನಮ್ಮ ಮನೆತನ ಬೀಸುಕಲ್ಲು ಮಾಡಿ ಮಾರಿದ್ದು. ಗಿರಾಕಿಗೆ ತೋರಿಸುವ ಮೊದಲು ಕಲ್ಲನ್ನು ಇಟ್ಟಂಗಿ ಪುಡಿ ಹಾಕಿ ತಿಕ್ಕಿ ತೊಳೆಯಬೇಕು. ಧೂಳಿನ ಕಲ್ಲು ತೋರಿಸಿದರೆ ಮರ್ಯಾದೆ ಹೋಗುತ್ತದೆ. ಶನಿವಾರ ಆ ಕಪ್ಪೆಗಲ್ಲನ್ನೂ ಹಾಗೇ ತಿಕ್ಕಿದೆ. ಮೆತ್ತನೆಯ ಕಲ್ಲು ಬೂದು ನೀರಾಗಿ ಹರಿಯಿತು. ಕಪ್ಪೆಯೂ ಅದರ ಜೊತೆ ಹೋಯಿತು.

"ಯವ್ವಾ, ಏನ್ ಮಾಡಿದಿ?" ಎಂದಳು ಮಗಳು.

"ಹೊಲಸಿತ್ತು, ತೊಳದೆ."

ಅವಳು ಅಂದು ಉಣ್ಣಲಿಲ್ಲ.

ಕಾಲೇಜಿನವರು ಬಂದು ಬೋಳು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಗುಡ್ಡಕ್ಕೂ ಹೋದರು. ಆ ಪದರ ಆಗಲೇ ಖಡಿಯ ಜೊತೆ ಲಾರಿ ಹತ್ತಿತ್ತು. ನನ್ನನ್ನು ಬೈಯಲಿಲ್ಲ, ಕೈ ಒರೆಸಿಕೊಂಡು ಹೊರಟರು. ಬೈದಿದ್ದರೆ ಚೆನ್ನಾಗಿತ್ತು.

"ಆತಲ್ಲ? ನಾಳಿಂದ ಬುಟ್ಟಿ ಹಿಡೀಲಿ" ಎಂದ ಗಂಡ.

ಕೆಡಿಸಿದವಳು ನಾನು. "ಆಕಿ ಪಾಲಿನ ಬುಟ್ಟಿ ನಾ ಹೊರತೀನಿ. ಆಕಿ ಸಾಲಿ ತಂಟಿಗೆ ಬರಬ್ಯಾಡ್ರಿ."

"ಹೊರತೀಯೇನ ದಿನಾ?"

"ಕುಂತು ನೋಡ್ರಿ."

ಅವನು ಬೀಡಿ ಹಚ್ಚಿದ, ಇಲ್ಲವೆನ್ನಲಿಲ್ಲ. ಮರುದಿನ ಮಗಳು ಪಾಟಿಚೀಲ ಹಾಕಿಕೊಂಡು ಹೋದಳು. ನಾನು ಮಾಮೂಲಿಗಿಂತ ಒಂದು ತಾಸು ಮೊದಲೇ ಗುಡ್ಡ ಹತ್ತಿದೆ. ಅವಳು ಮೆಟ್ರಿಕ್ ಮುಗಿಸುವ ತನಕ ಹಾಗೇ ನಡೆಯಿತು.