ಮಗ್ಗದ ಕುಣಿಯಲ್ಲಿ ಕೂಸು

ನನ್ನ ನಾಲ್ಕು ವರ್ಷದ ಮೊಮ್ಮಗಳಿಗೆ ಹುಟ್ಟಿನಿಂದಲೇ ಕಾಲಿನಲ್ಲಿ ಬಿಗಿ. ಎತ್ತಿ ನಿಲ್ಲಿಸಿದರೆ ಹಿಮ್ಮಡಿ ನೆಲಕ್ಕೆ ಹತ್ತುವುದಿಲ್ಲ, ಮೊಣಕಾಲು ಒಂದಕ್ಕೊಂದು ಹೊಸೆದುಕೊಳ್ಳುತ್ತವೆ. ಮಗಳು ಕೆಲಸಕ್ಕೆ ಹೋಗುವುದರಿಂದ ಹಗಲೆಲ್ಲ ಕೂಸು ನನ್ನ ಕೈಯಲ್ಲೇ. ಬೆಟಗೇರಿಯಲ್ಲಿ ನಮ್ಮ ಓಣಿಯ ಹಿಂದೆ ಇಂಥ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಕೇಂದ್ರವಿತ್ತು. ಕಾಲಿಗೆ ಪಟ್ಟಿಬೂಟು ಬಿಗಿದು, ಕಟ್ಟಿಗೆಯ ಚೌಕಟ್ಟಿನೊಳಗೆ ನಿಲ್ಲಿಸುತ್ತಿದ್ದರು. ದಿನಾ ನಿಲ್ಲಬೇಕು, ಬಿಟ್ಟರೆ ಕಾಲು ಮತ್ತೆ ಸೆಟೆದು ನಡೆಯುವ ಆಸೆಯೇ ಹೋಗುತ್ತದೆ ಎಂದು ಅಲ್ಲಿಯ ಅಕ್ಕಾರು ಮೊದಲೇ ಹೇಳಿದ್ದರು.

ಹೋದ ವರ್ಷ ಅದೇ ಅಕ್ಕಾರು ತಾಯಂದಿರನ್ನೆಲ್ಲ ಚಾಪೆಯ ಮೇಲೆ ಕೂಡಿಸಿ, "ಈ ತಿಂಗಳಿಗೆ ಕೇಂದ್ರ ಮುಚ್ಚತೈತ್ರಿ" ಎಂದರು. ಕೇಂದ್ರ ನಡೆಯುತ್ತಿದ್ದುದು ಹೊರದೇಶದ ಒಂದು ಸರಕಾರದ ನೆರವಿನಿಂದ. ಆ ಸರಕಾರ ಈಗ ಸೈನ್ಯದ ಖರ್ಚು ಏರಿಸಿದೆ. ಅದಕ್ಕಾಗಿ ಬೇರೆ ದೇಶಗಳಿಗೆ ಕೊಡುವ ನೆರವನ್ನು ಕಡಿದಿದೆ.

ಲಕ್ಷ್ಮೇಶ್ವರದಿಂದ ಮಗನನ್ನು ಬಗಲಲ್ಲಿ ಹೊತ್ತು ಬಸ್ಸಿಗೆ ಬರುತ್ತಿದ್ದ ಮುಸ್ಲಿಂ ಹೆಣ್ಣುಮಗಳೊಬ್ಬಳು ಕೇಳಿದಳು: "ಯಾರ ಕೂಡ ಯುದ್ಧ ಐತಂತ್ರಿ ಅವರದು?"

"ಸದ್ಯ ಯಾರ ಕೂಡಾನೂ ಇಲ್ಲವಾ. ಬಂದರ ಇರಲಿ ಅಂತ."

"ಇನ್ನೂ ಬರದ ಯುದ್ಧಕ್ಕ ನನ್ನ ಮಗಾ ಆಗಳೇ ಬಿದ್ದನಲ್ರಿ ಅಕ್ಕಾರ!"



ಸಂಜೆ ಟಿ.ವಿ.ಯಲ್ಲಿ ಯಾವುದೋ ದೇಶದ ಕ್ಷಿಪಣಿಗಳು ಸಾಲಾಗಿ ಹೋಗುತ್ತಿದ್ದವು. ಯಜಮಾನರು, "ಒಬ್ಬರಿಗೊಬ್ಬರು ಅಂಜಿ ಎಲ್ಲಾರೂ ತಗೋತಾರ. ನಮ್ಮವರೂ ಬಿಡಂಗಿಲ್ಲ" ಎಂದರು.

"ಅವರು ಅಂಜಿದ್ದಕ್ಕ ನಮ್ಮ ಕೂಸ್ಯಾಕ ಕುಂತ್ ಬಿಡಬೇಕು?" ಎಂದೆ.  ನನಗೆ ಸುಮ್ಮನಿರುವುದು ಆಗಲಿಲ್ಲ.

ಕೇಂದ್ರದ ಚೌಕಟ್ಟು ಸಾಮಾನಿನ ಗಾಡಿಯಲ್ಲಿ ಹೋಯಿತು, ಕೂಸಿನ ಪಟ್ಟಿಬೂಟು ಮಾತ್ರ ನಮ್ಮಲ್ಲಿ ಉಳಿದವು. ಕೂಸನ್ನು ಗೋಡೆಗೆ ಒತ್ತಿ ನಿಲ್ಲಿಸಿ ನೋಡಿದೆ, ಜಾರಿ ಜಾರಿ ಕುಸಿಯಿತು. ಒಂದು ಮುಂಜಾನೆ ಪಡಸಾಲೆ ಕಸ ಹೊಡೆಯುವಾಗ ಮಾವನವರ ಮಗ್ಗದ ಕುಣಿಯ ಹಲಗೆ ಕಣ್ಣಿಗೆ ಬಿತ್ತು. ಅವರು ತೀರಿದ ಮೇಲೆ ಮಗ್ಗ ಬಿಚ್ಚಿ, ಕುಣಿಗೆ ಹಲಗೆ ಮುಚ್ಚಿ, ಮೇಲೆ ಜೋಳದ ಚೀಲ ಇಟ್ಟಿದ್ದೆವು. ನೇಕಾರ ಕಾಲು ಇಳಿಬಿಟ್ಟು ಕೂಡುವ ಗುಂಡಿ ಅದು. ಕೂಸು ನಿಂತರೆ ಎದೆಮಟ್ಟ. ಸುತ್ತಲೂ ಗೋಡೆ, ಬೀಳಲು ಜಾಗವೇ ಇಲ್ಲ. ಅಕ್ಕಾರಿಗೆ ಫೋನು ಮಾಡಿದೆ. "ಭೇಷ್ ಆತು! ಮೊಣಕಾಲಿನ ಮುಂದ ಮೆತ್ತಗಿಂದು ಇಡ್ರಿ. ಹಿಮ್ಮಡಿ ಮಾತ್ರ ನೆಲಕ್ಕ ಹತ್ತಬೇಕು" ಎಂದರು. ಸುತ್ತ ಕೌದಿ ಮಡಚಿ ಒತ್ತಿದೆ.

ಆಗ ಅತ್ತೆ ಅಡ್ಡ ಬಂದರು. "ಪ್ರತಿ ದಸರಾಕ್ಕ ಪೂಜಾ ಮಾಡಿದ ಜಾಗಾ ಅದು. ಅದರಾಗ ಬೂಟ್ ಹಾಕಿ ಇಳಸ್ತೀಯೇನು? ನಿಮ್ಮ ಮಾವ ಒಂದ್ ದಿನಾನೂ ಚಪ್ಪಲಿ ಮೆಟ್ಟಿ ಹತ್ತರ ಸುಳದಾಂವಲ್ಲ."

ಅವರ ಮಾತು ನನಗೂ ಖರೆ ಅನ್ನಿಸಿತು. ಬೂಟು ಬಿಚ್ಚಿ, ಕಾಲು ತೊಳೆದು, ಕುಣಿಗೆ ಕುಂಕುಮ ಹಚ್ಚಿಯೇ ಇಳಿಸಿದೆ. ಪಟ್ಟಿಯ ಆಸರೆಯಿಲ್ಲದ ಕಾಲು ಕತ್ತರಿಯಂತೆ ಹೆಣೆದುಕೊಂಡಿತು. ಕೌದಿ ಸರಿದು, ಮೊಣಕಾಲು ಗೋಡೆಗೆ ತರಚಿ ಕೂಸು ಚೀರಿತು. ಎತ್ತಿ ತೊಡೆಯ ಮೇಲೆ ಕೂಡಿಸಿಕೊಂಡೆ. ಇನ್ನು ಅತ್ತೆ ಈ ಕುಣಿಯನ್ನು ಮುಚ್ಚಿಸಿಯೇ ಬಿಡುತ್ತಾರೆ ಅಂದುಕೊಂಡೆ.

ಅತ್ತೆ ಬಾಗಿಲಿಗೆ ಹೋದರು. ಅಲ್ಲಿದ್ದ ಬೂಟುಗಳನ್ನು ಸೆರಗಿನಿಂದ ಒರೆಸಿ ತಂದು ನನ್ನ ಮುಂದೆ ಇಟ್ಟರು.

"ಹಾಕು."

"ಕುಣಿಯಾಗ?"

"ಬೂಟಂತ ನಾ ತಪ್ಪು ತಿಳದಿದ್ದೆ. ಅವು ಆಕಿ ಕಾಲು. ಜಲ್ದಿ ಹಾಕು, ಅಳಾಕತ್ತೈತಿ ನೋಡು."

ಸುದ್ದಿ ಕೇಳಿ ಲಕ್ಷ್ಮೇಶ್ವರದ ಆ ತಾಯಿಯೂ ಮಗನನ್ನು ಹೊತ್ತು ಬರತೊಡಗಿದಳು. ಈಗ ದಿನಾ ನಮ್ಮ ಪಡಸಾಲೆಯಲ್ಲಿ ಸರದಿ. ಕೂಸು ಕುಣಿಯಲ್ಲಿ ನಿಂತು ನೆಲದ ಮೇಲೆ ಹರಡಿದ ಅವರೆಕಾಯಿ ಸುಲಿಯುತ್ತದೆ. ಲಕ್ಷ್ಮೇಶ್ವರದ ಹುಡುಗ ಬಂದರೆ, "ನನ್ನ ಪಾಳಿ ಇನ್ನೂ ಮುಗದಿಲ್ಲಲೇ" ಎಂದು ಗದರುತ್ತದೆ. ಹಿಮ್ಮಡಿ ನೆಲಕ್ಕೆ ಹತ್ತುತ್ತಿದೆ. ಆದರೆ ಬೂಟು ಬಿಗಿಯಾಗುತ್ತಿವೆ. ಅಳತೆ ತೆಗೆದು ಹೊಸವನ್ನು ಮಾಡಿಕೊಡುತ್ತಿದ್ದುದೂ ಆ ಕೇಂದ್ರವೇ. ಕುಣಿ ಮನೆಯಲ್ಲಿತ್ತು, ಬೂಟು ಮನೆಯಲ್ಲಿ ಆಗುವಂಥದ್ದಲ್ಲ. ಅದಕ್ಕೇ ಪ್ರತಿ ಸೋಮವಾರ ನಾನೂ ಆ ಹುಡುಗನ ತಾಯಿಯೂ ಮಕ್ಕಳನ್ನು ಎತ್ತಿಕೊಂಡು ಹೊಸ ಬೂಟು ಕೇಳಲು ಗದಗಿನ ಅಂಗವಿಕಲರ ಇಲಾಖೆಯ ಕಚೇರಿಗೆ ಹೋಗುತ್ತೇವೆ. ಈಗೀಗ ಬಾಗಿಲಲ್ಲಿ ನಮ್ಮನ್ನು ಕಂಡರೆ ಸಾಹೇಬರು ಪೆನ್ನು ಕೆಳಗಿಡುತ್ತಾರೆ.

"ಮತ್ತ ಬಂದ್ರೇನ್ರಿ ಅವ್ವಾರ? ಅನುದಾನ ಇನ್ನೂ ಬಂದಿಲ್ಲಂತ ಹೇಳೀನಲ್ರಿ."

"ಹೇಳೀರಿ ಸಾಹೇಬ್ರ," ಎನ್ನುತ್ತೇನೆ, ಕೂಸನ್ನು ಅವರ ಮೇಜಿನ ಅಂಚು ಹಿಡಿಸಿ ನಿಲ್ಲಿಸುತ್ತ. "ಆದ್ರ ಕಾಲು ಬೆಳಿಯೂದು ನಿಂತಿಲ್ರಿ."