ರುದ್ರಣ್ಣನ ಗೋಣಿಚೀಲದಲ್ಲಿ ಬಂದ ಪಾರ್ವೋ

ಅರ್ಧ ರೇಟಿಗೆ ತಂದ ಹಳೆಯ ಗೋಣಿಚೀಲಗಳಿಗೆ ನಾನು ತೆತ್ತದ್ದು ಒಂದು ನಾಯಿಮರಿಯ ಜೀವ. ಇನ್ನೊಂದು ಮರಿಯೂ ಹೋಗುವುದರಲ್ಲಿತ್ತು. ಚೌಕಾಸಿ ಮಾಡುವಾಗ ಚೀಲದ ಹೊಲಿಗೆ ನೋಡಿದೆ, ತೂತು ನೋಡಿದೆ, ಇಲಿ ಕಡಿದಿದೆಯೇ ಎಂದೂ ನೋಡಿದೆ. ಕಣ್ಣಿಗೆ ಕಾಣದ್ದನ್ನು ಮಾರಿದವನು ಹೇಳಬೇಕಿತ್ತು. ಹೇಳಲಿಲ್ಲ. ಆ ಸಿಟ್ಟು ಇಳಿಯುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ತುರುವೇಕೆರೆ ಕಡೆಯ ಹಳ್ಳಿಯಲ್ಲಿ ನನ್ನದು ಸಣ್ಣ ಕೊಬ್ಬರಿ ವ್ಯಾಪಾರ. ತಲೆಯ ಮೇಲೆ ಕಾಯಿ ಹೊತ್ತು ಸಂತೆಯಲ್ಲಿ ಮಾರುತ್ತಿದ್ದವಳು ಈಗ ಸ್ವಂತ ಷೆಡ್ಡು ಕಟ್ಟಿಸಿದ್ದೇನೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕಾಯಿಗೆ ಹೆಗ್ಗಣದ ಕಾಟ, ಕಳ್ಳರ ಕಾಟ. ಅದಕ್ಕೆಂದೇ ಹಾಲ್ಕುರಿಕೆಯ ನೆಂಟರ ಮನೆಯಿಂದ ಎರಡು ಮರಿ ತಂದೆ. ಗಂಡು ಕೆಂಚ, ಹೆಣ್ಣು ಬೋರಿ. ನಮ್ಮ ಕಡೆ ನಾಯಿಗೆ ಹಾಸಿಗೆ ಎಂದರೆ ಕೊಬ್ಬರಿ ತುಂಬಿ ಹಳತಾದ ಗೋಣಿಚೀಲ. ಅದು ಒಬ್ಬರ ಷೆಡ್ಡಿನಿಂದ ಇನ್ನೊಬ್ಬರ ಷೆಡ್ಡಿಗೆ ಓಡಾಡುತ್ತಲೇ ಇರುತ್ತದೆ. ಪಕ್ಕದ ತೋಟದ ರುದ್ರಣ್ಣನಿಂದ ಒಂದು ಕಟ್ಟು ಚೀಲ ಕೊಂಡು, ಅದರಲ್ಲಿ ಎರಡನ್ನು ಮಡಿಸಿ ಮರಿಗಳಿಗೆ ಹಾಸಿದೆ.

ವಾರ ಕಳೆಯುವಷ್ಟರಲ್ಲಿ ಕೆಂಚ ಹಾಲು ಮುಟ್ಟಲಿಲ್ಲ. ನೊರೆ ನೊರೆ ವಾಂತಿ. ಮೂಲೆಯಲ್ಲಿ ಮುದುರಿ ಬಿದ್ದ.

“ಉಷ್ಣ ಆಗೈತೆ ಕಣೇ ಗೌರಿ, ಎಳನೀರು ಕುಡ್ಸು” ಎಂದರು ನಮ್ಮತ್ತೆ. ಜ್ವರಕ್ಕೂ ಎಳನೀರು, ಭೇದಿಗೂ ಎಳನೀರು. ಮನೆ ಸುತ್ತ ತೆಂಗಿದ್ದವರಿಗೆ ಡಾಕ್ಟರು ನೆನಪಾಗುವುದು ಆಮೇಲೆ. ಕುಡಿಸಿದೆ. ಕಕ್ಕಿದ. ಮತ್ತೆ ಕುಡಿಸಿದೆ. ಬೆಳಿಗ್ಗೆ ನೋಡಿದರೆ ಚೀಲ ಒದ್ದೆ.

ರಕ್ತ.

ಪಶು ಆಸ್ಪತ್ರೆಯ ಡಾಕ್ಟರು ಟೆಸ್ಟ್ ಮಾಡಿದರು, ಒಸಡು ಒತ್ತಿ ನೋಡಿದರು. “ಪಾರ್ವೋ ಕಣಮ್ಮ, ಮರಿಗಳಿಗೆ ಅಂಟೋ ರಕ್ತಭೇದಿ ವೈರಸ್ಸು. ಮೈಯಲ್ಲಿ ನೀರೇ ಉಳಿದಿಲ್ಲ. ನಿನ್ನೆನೇ ಯಾಕೆ ತರ್ಲಿಲ್ಲ? ವ್ಯಾಕ್ಸಿನ್ ಆಗಿತ್ತಾ?”

“ಈ ಸಲ ಟೌನಿಗೆ ಬಂದಾಗ ಹಾಕ್ಸೋಣ ಅಂತಿದ್ದೆ ಸಾರ್.”

ಅವರು ಕೆಂಚನ ಕಾಲು ಹಿಡಿದು ನರ ಹುಡುಕಿದರು. ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಬಾಟಲಿ ಮುಗಿಯುವ ಮೊದಲೇ ಕೆಂಚ ಹೋದ.

“ಅಕ್ಕಪಕ್ಕ ಮರಿ ಸತ್ತಿದ್ವಾ? ಹೊರಗಿನ ಸಾಮಾನು ಏನಾದ್ರೂ ಬಂತಾ?” ಎಂದು ಡಾಕ್ಟರು ಕೇಳಿದಾಗ ಚೀಲದ ನೆನಪಾಯಿತು. ನೇರವಾಗಿ ರುದ್ರಣ್ಣನ ತೋಟಕ್ಕೇ ಹೋದೆ.

“ನಿಮ್ಮನೇಲಿ ನಾಯಿಮರಿ ಸತ್ತಿದ್ವಾ ರುದ್ರಣ್ಣ?”

“ಹೂಂ ಕಣವ್ವ, ಹೋದ ತಿಂಗ್ಳು ಎರಡು ಹೋದ್ವು. ನಾಯಿ ಸತ್ತಿದ್ನೂ ಊರಿಗೆಲ್ಲ ಹೇಳ್ಕಂಡು ಬರ್ಬೇಕಾ?”

“ಆ ಚೀಲದ ಮೇಲೇ ಮಲಗಿದ್ವಾ?”

“ಇನ್ನೆಲ್ಲಿ ಮಲಗ್ತವೆ, ಮಂಚದ ಮೇಲಾ? ಒದರಿ ಬಿಸ್ಲಿಗೆ ಹಾಕಿದ್ದೆ ಬುಡು. ಅರ್ಧ ರೇಟಿಗೆ ತಾನೆ ಕೊಟ್ಟಿದ್ದು?”

“ಯಾಕೆ ಕೊಟ್ಟೆ ಅಂತ ಈಗ ಗೊತ್ತಾಯ್ತು ಬುಡಣ್ಣ.”

ಅವನಿಗೆ ನಗು ಬಂತು. ಕೊಬ್ಬರಿಯಲ್ಲಿ ಒಂದು ಬೂಷ್ಟು ಕಂಡರೆ ಇಡೀ ಚೀಲ ಬೇಡ ಎನ್ನುವ ಮನುಷ್ಯ, ಎರಡು ಮರಿ ಸತ್ತ ಜಾಗದ ಚೀಲವನ್ನು ಮರಿಗಳಿರುವ ಮನೆಗೆ ಕಟ್ಟಿ ಕಳಿಸಿದ್ದ. ಸುಳ್ಳು ಹೇಳಿದ್ದರೆ ಬೈದು ಬರುತ್ತಿದ್ದೆ. ನಾಯಿಯ ಸಾವು ಹೇಳುವಂಥ ಸುದ್ದಿಯೇ ಅಲ್ಲ ಎಂದುಕೊಂಡವನಿಗೆ ಏನೆಂದು ಬೈಯಲಿ?

ಮನೆಗೆ ಬಂದರೆ ಬೋರಿ ವಾಂತಿ ಮಾಡಿತ್ತು.

ಅತ್ತೆ ಎಳನೀರು ಕೊಚ್ಚಲು ಮಚ್ಚು ತೆಗೆದಿದ್ದರು. “ಇಡ್ರೀ ಅದ್ನ!” ಎಂದು ಕೂಗಿದೆ. ಮದುವೆಯಾಗಿ ಬಂದ ಮೇಲೆ ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಬೋರಿಯನ್ನು ಟವೆಲ್ಲಿನಲ್ಲಿ ಸುತ್ತಿ, ಇದ್ದ ಸೀರೆಯಲ್ಲೇ ಆಸ್ಪತ್ರೆಗೆ ಓಡಿದೆ. ಬೆಳಿಗ್ಗೆ ಸಂಜೆ ಡ್ರಿಪ್. ಡಾಕ್ಟರು ಕಾಲಿಗೆ ಸೂಜಿ ಕೂರಿಸಿ, ಬಾಟಲಿ ಹಾಕುವುದನ್ನು ಕಲಿಸಿ ಕಳಿಸಿದರು. ಮನೆಯಲ್ಲಿ ತಕ್ಕಡಿಯ ಕೊಕ್ಕೆಗೆ ಬಾಟಲಿ ನೇತುಹಾಕಿ ಪಕ್ಕದಲ್ಲಿ ಕೂತೆ. ವ್ಯಾಪಾರಕ್ಕೆ ಬಂದವರನ್ನು ಬಾಗಿಲಿಂದಲೇ ಕಳಿಸಿದೆ. ಅತ್ತೆ ಮಾತು ಬಿಟ್ಟಿದ್ದರೂ ನನ್ನ ಪಕ್ಕದಲ್ಲೇ ಕೂತು, ಬೋರಿಯ ಮೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು.

ಚೀಲ ಇದ್ದ ನೆಲಕ್ಕೆ ಫಿನಾಯಿಲ್ ಸುರಿದಿದ್ದೇನೆ ಎಂದಾಗ ಡಾಕ್ಟರು ತಲೆ ಆಡಿಸಿದರು. “ಅದಕ್ಕೆಲ್ಲ ಇದು ಜಗ್ಗಲ್ಲಮ್ಮ. ತಿಂಗಳುಗಟ್ಟಲೆ ಬದುಕಿರುತ್ತೆ. ಬ್ಲೀಚಿಂಗ್ ಹಾಕಿ, ಚೀಲ ಸುಟ್ಟುಬಿಡಿ.” ಇಡೀ ಕಟ್ಟನ್ನೇ ಸುಟ್ಟೆ. ಬೇಲಿಯಾಚೆ ನಿಂತು ರುದ್ರಣ್ಣ ನೋಡುತ್ತಿದ್ದ.

ಬೋರಿ ಒಂದು ಮಧ್ಯಾಹ್ನ ತಾನೇ ಎದ್ದು ಗಂಜಿ ನೆಕ್ಕಿತು. ಬಾಲ ಮಾತ್ರ ಅಲ್ಲಾಡಿಸಲಿಲ್ಲ. ಅಷ್ಟು ಸಾಕಿತ್ತು. ಈಗ ಓಡಾಡಿಕೊಂಡಿದೆ. ಪೂರ್ತಿ ಗೆದ್ದೆ ಎಂದು ಹೇಳಲು ನನಗೆ ಇನ್ನೂ ಧೈರ್ಯವಿಲ್ಲ.

ನೀವು ಮರಿ ತರುವವರಿದ್ದರೆ ಕೇಳಿ. ಆರರಿಂದ ಎಂಟು ವಾರಕ್ಕೆ ಮೊದಲ ವ್ಯಾಕ್ಸಿನ್. ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ, ನಾಲ್ಕು ತಿಂಗಳು ತುಂಬುವವರೆಗೆ. ಒಂದೇ ಸೂಜಿಗೆ ನಿಲ್ಲಿಸಿದರೆ ಹಾಕಿಸಿಯೂ ಹಾಕಿಸದ ಹಾಗೆ. ಪಾರ್ವೋಗೂ, ಡಿಸ್ಟೆಂಪರ್ ಎಂಬ ನಾಯಿಗಳ ಇನ್ನೊಂದು ಅಂಟುರೋಗಕ್ಕೂ ಅದೇ ಕಾವಲು. ಮರಿಗೆ ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ್ದು ಬೇರೆ ಹಾಕಿಸಬೇಕು. ಅದನ್ನು ಮುಂದೆ ಡಾಕ್ಟರು ಹೇಳಿದ ಅವಧಿಗೆ ತಪ್ಪದೆ ಹಾಕಿಸಿ. ಷೆಡ್ಡಿನಲ್ಲಿ ಹೆಗ್ಗಣ ಇದ್ದರೆ ಇಲಿಜ್ವರದ ವ್ಯಾಕ್ಸಿನ್ ಕೇಳಿ ಹಾಕಿಸಿ. ಆ ರೋಗ ನಿಮಗೂ ಅಂಟುತ್ತದೆ. ಡೋಸ್ ಮುಗಿಯುವವರೆಗೆ ಮರಿಯನ್ನು ಬೀದಿಗೆ ಬಿಡಬೇಡಿ, ಕಂಡವರ ಹಳೆಯ ಚೀಲ ಹಾಸಬೇಡಿ. ವಾಂತಿ ಕಂಡ ದಿನವೇ ಆಸ್ಪತ್ರೆಗೆ ಹೋಗಿ. ಬೇರೆ ಎಲ್ಲದಕ್ಕೂ ಚೌಕಾಸಿ ಮಾಡಿ, ಇದಕ್ಕೆ ಬೇಡ.

ನಿಮ್ಮ ಮನೆಯಲ್ಲಿ ಮರಿ ಸತ್ತರೆ ದಯವಿಟ್ಟು ಅಕ್ಕಪಕ್ಕದವರಿಗೆ ಹೇಳಿ. ಮುಖ ಕೊಟ್ಟು ಹೇಳಲು ಸಂಕೋಚವಾದರೆ ಫೋನಿನಲ್ಲಾದರೂ ಹೇಳಿ.