ಅಣ್ಣನ ಲಾರಿಯ ಬ್ರೇಕು, ಅಣ್ಣನ ಕಾಲು

ಬ್ರೇಕ್ ಒತ್ತಿದೆ. ಲಾರಿ ನಿಲ್ಲಲಿಲ್ಲ.

ಇದು ನಡೆದದ್ದು ಮೊನ್ನೆ ಹಿರೀಸಾವೆಯಲ್ಲಿ, ಹೈವೇ ಪಕ್ಕದ ಒಂದು ಹೋಟೆಲ್ ಮುಂದೆ. ಎಳನೀರು ಲೋಡ್ ಇಳಿಸಿ ನಾನೂ ನಮ್ಮಣ್ಣನೂ ಖಾಲಿ ಲಾರಿಯಲ್ಲಿ ವಾಪಸ್ ಬರುತ್ತಿದ್ದೆವು. (ರಜೆ ಸಿಕ್ಕಾಗ ಅಣ್ಣನ ಪಕ್ಕ ಕ್ಯಾಬಿನ್‌ನಲ್ಲಿ ಕೂತು ಹೋಗುವುದು ನನಗೆ ಇವತ್ತಿಗೂ ಖುಷಿ.) ತಿಂಡಿ ಮುಗಿಸಿ ಅಣ್ಣ ಕೈ ತೊಳೆಯಲು ಎದ್ದ. ಹಿಂದೆ ಬಂದ ಬಸ್ಸಿನವನು ಹಾರ್ನ್ ಹೊಡೆಯತೊಡಗಿದ. "ಒಂಚೂರು ಮುಂದುಕ್ ತಗಳ್ಲಾ" ಅಂತ ಅಣ್ಣ ಕೀ ಎಸೆದ. ನನಗೂ ಲೈಸೆನ್ಸ್ ಇದೆ. ತೆಗೆದೆ.

ಪೆಡಲ್ ಹೋಗಿ ನೆಲ ಮುಟ್ಟಿತು. ಲಾರಿ ಮಾತ್ರ ತನ್ನ ಪಾಡಿಗೆ ತಾನು ಮುಂದೆ ಹೋಗಿ, ಹೋಟೆಲಿನ ನೀರಿನ ಡ್ರಮ್ಮು ಉರುಳಿಸಿ, ತಗಡಿನ ಚಪ್ಪರದ ಕಂಬಕ್ಕೆ ಹಣೆ ಇಟ್ಟು ನಿಂತಿತು. ಡ್ರಮ್ಮಿನ ಹತ್ತಿರ ಮುಖ ತೊಳೆಯುತ್ತಿದ್ದವರೊಬ್ಬರು ಪಕ್ಕಕ್ಕೆ ಜಿಗಿದಿದ್ದರಿಂದ ಉಳಿದರು.

ಹೋಟೆಲಿನ ಯಜಮಾನಿ ಸೌಟು ಹಿಡಿದೇ ಹೊರಗೆ ಬಂದರು. "ಸಾ, ತಿಂಡಿ ಬೇಕಂದ್ರೆ ನೀವ್ ಒಳೀಕ್ ಬನ್ನಿ. ಲಾರೀನೂ ಯಾಕ್ ಕರ್ಕಂಡ್ ಬತ್ತೀರಾ?"

ಅಣ್ಣ ಬಂದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಒದ್ದೆ ಕೈಯನ್ನ ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, ಸಾರಿಗೆ ಉಪ್ಪು ಹಾಕೋದು ಮರೆತವರ ಹಾಗೆ ಹೇಳಿದ: "ಥೂ, ಯೇಳದ್ನೇ ಮರ್ತೆ ಕಣ್ಲಾ. ಎರಡ್ಮೂರು ಕಿತ ಒತ್ಬೇಕು. ಒಂದೇ ಕಿತುಕ್ಕೆ ಇಡ್ಯಕ್ಕಿಲ್ಲ."

ಇಂಥದ್ದನ್ನ ಹೇಳಲು ಮರೆಯಬಹುದಾ?

ನಮ್ಮದು ಹಳೇ ಲಾರಿ. ಎಷ್ಟು ಹಳೆಯದು ಅಂದರೆ, ನನ್ನ ಡಿಗ್ರಿಗಿಂತ ಹಳೆಯದು. ನಮ್ಮ ವಂಶದಲ್ಲಿ ಬಿ.ಎಸ್ಸಿ. ಮುಗಿಸಿದವನು ನಾನೇ ಮೊದಲು. ಅರ್ಧ ಓದಿದ್ದು ಇದೇ ಲಾರಿಯ ಕ್ಯಾಬಿನ್‌ನಲ್ಲಿ, ಹಿಂದೆ ಅಣ್ಣ ಕಾಯಿ ತುಂಬುತ್ತಿದ್ದಾಗ. ಸುಮ್ಮನೆ ಸಿಕ್ಕ ಡಿಗ್ರಿ ಅಲ್ಲ, ಹಾಗಾಗಿ ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಈಗ ಚನ್ನರಾಯಪಟ್ಟಣದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ದ್ರವದ ಒತ್ತಡದ ಪಾಠ ಬಂದಾಗ ಬೋರ್ಡಿನ ಮೇಲೆ ಬ್ರೇಕಿನ ಚಿತ್ರ ಬರೆಯುವವನು ನಾನು. ಆ ಚಿತ್ರದಲ್ಲಿ ಒಂದೇ ಸಲ ಒತ್ತಿದರೆ ಸಾಕು.

ಅಣ್ಣನಿಗೆ ಲಾರಿ ಅಪ್‌ಗ್ರೇಡ್ ಮಾಡುವ ಆಸೆ ಹುಟ್ಟಿದ್ದು ಮಗಳ ಮದುವೆ ಗೊತ್ತಾದ ಮೇಲೆ. ಹೊಸ ಲಾರಿಗಳಿಗೆಲ್ಲ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ, ನಮ್ಮದಕ್ಕೆ ಮಾತ್ರ ಹಳೇ ಡ್ರಮ್ ಬ್ರೇಕ್ ಯಾಕೆ? ಸರಿಯಾದ ಪ್ರಶ್ನೆ. ಉತ್ತರ ಹುಡುಕಿದ ಜಾಗ ಮಾತ್ರ ಹಾಸನದ ಒಂದು ಗುಜರಿ ಅಂಗಡಿ. ಅಲ್ಲಿ ಯಾವುದೋ ಹೊಸ ಮಾಡೆಲಿನ ಮುಂದಿನ ಆಕ್ಸಲ್ ಡಿಸ್ಕ್ ಸಮೇತ ಬಿದ್ದಿತ್ತು. ತಂದ, ಕೂರಿಸಿದ. ಕೂತಿತು ಕೂಡ.

ಆದರೆ ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ ಉಳಿಯಿತು. ಅದು ಡ್ರಮ್ಮಿಗೆ ಎಷ್ಟು ಬೇಕೋ ಅಷ್ಟೇ ಎಣ್ಣೆ ತಳ್ಳಲು ಹುಟ್ಟಿದ್ದು. ಡಿಸ್ಕಿಗೆ ಅದಕ್ಕಿಂತ ಜಾಸ್ತಿ ಬೇಕು. ಚೊಂಬಲ್ಲಿ ಹಂಡೆ ತುಂಬಿಸಿದ ಹಾಗೆ. ಒಂದು ಚೊಂಬಿಗೆ ತುಂಬುತ್ತದಾ? ಮೊಗೆದು ಮೊಗೆದು ಸುರಿಯಬೇಕು. ಅದಕ್ಕೇ ಎರಡ್ಮೂರು ಕಿತ.

ಇದರ ಮೇಲೆ ಇನ್ನೊಂದು. ಡ್ರಮ್ ಬ್ರೇಕಿಗೆ ಪೈಪಿನಲ್ಲಿ ಯಾವಾಗಲೂ ಸ್ವಲ್ಪ ಒತ್ತಡ ನಿಂತಿರಬೇಕು. ಅದಕ್ಕೆ ಅಂತ ಸಿಲಿಂಡರ್ ಬಾಯಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತೆ. ಡಿಸ್ಕಿಗೆ ಆ ಒತ್ತಡ ಆಗಿಬರಲ್ಲ. ಕಾಲು ತೆಗೆದರೂ ಬ್ರೇಕು ಚಕ್ರ ಬಿಡುವುದಿಲ್ಲ. ಮೊದಲ ವಾರವೇ ಮುಂದಿನ ಚಕ್ರ ಹಂಚಿನ ಹಾಗೆ ಕಾದು ವಾಸನೆ ಬಂತು. ಹೊಳೆನರಸೀಪುರದ ಮೆಕ್ಯಾನಿಕ್ ಹತ್ತಿರ ಹೋದ. ಅವರು ಆ ವಾಲ್ವನ್ನೇ ಕಿತ್ತು ಅಣ್ಣನ ಕೈಗಿಟ್ಟರು. ಚಕ್ರ ತಣ್ಣಗಾಯಿತು, ಹಿಂದಿನ ಚಕ್ರದ ಡ್ರಮ್ ಬ್ರೇಕು ಸಡಿಲವಾಯಿತು.

ಆಮೇಲೆ ಪೈಪಿನ ಜಾಯಿಂಟಲ್ಲಿ ಎಣ್ಣೆ ತೊಟ್ಟಿಕ್ಕತೊಡಗಿತು. ಹಳೇ ಪೈಪಿನ ಮರೆ, ಅಂದರೆ ತಿರುಪಿನ ಗೆರೆ, ಬೇರೆ; ಹೊಸದರದ್ದೇ ಬೇರೆ. ಚನ್ನರಾಯಪಟ್ಟಣದ ಇನ್ನೊಬ್ಬ ಮೆಕ್ಯಾನಿಕ್ ಅದಕ್ಕೆ ಬಿಳೀ ಟೇಪ್ ಸುತ್ತಿ ಬಿಗಿದ. ಯಾವ ಟೇಪು? ನಮ್ಮ ಮನೆಯ ನಲ್ಲಿಗೆ ಸುತ್ತುವ ಟೇಪು. ಬಚ್ಚಲಿನ ನಲ್ಲಿ ಸೋರಿದರೆ ನೆಲ ಒದ್ದೆಯಾಗುತ್ತೆ. ಬ್ರೇಕ್ ಪೈಪ್ ಸೋರಿದರೆ?

ಎರಡು ಊರಿನ ಇಬ್ಬರೂ ಹೇಳಿದ್ದು ಮಾತ್ರ ಒಂದೇ. "ಅಯ್ಯೋ, ಯಾರಣ್ಣ ಇದನ್ನ ಇಂಗ್ ಮಾಡಿದ್ದು?" ಹಾಗಂದು, ಅದರ ಮೇಲೆ ತಮ್ಮದೂ ಒಂದಿಷ್ಟು ಮಾಡಿ ಕಳಿಸಿದರು.

ಹಿರೀಸಾವೆಯಿಂದ ಹೊರಟ ಮೇಲೆ ಅಣ್ಣನ ಕಾಲನ್ನೇ ನೋಡುತ್ತಾ ಕೂತೆ. ಮುಂದೆ ಎಮ್ಮೆ ಕಂಡರೆ ಸಾಕು, ಅಷ್ಟು ದೂರದಿಂದಲೇ ಕಾಲು ತಪತಪ ಶುರು. ಹೊಲಿಗೆ ಮಿಷನ್ ತುಳಿಯೋ ಹಾಗೆ. ಬ್ರೇಕು ಹಿಡಿದಾಗ ಲಾರಿ ಎಡಕ್ಕೆ ಎಳೆಯುತ್ತೆ. ಅದಕ್ಕೆ ಮುಂಚೆಯೇ ಕೈ ತಾನಾಗಿ ಸ್ಟೇರಿಂಗನ್ನ ಚೂರು ಬಲಕ್ಕೆ ತಿರುಗಿಸುತ್ತೆ. ಮಾತಾಡುತ್ತಲೇ ಇದ್ದಾನೆ, ನಗುತ್ತಲೇ ಇದ್ದಾನೆ. ತಾನು ಏನು ಮಾಡುತ್ತಿದ್ದೀನಿ ಅನ್ನುವುದೇ ಅವನಿಗೆ ಗೊತ್ತಿಲ್ಲ.

"ಅಣ್ಣಾ, ಇದು ಬ್ರೇಕಾ?"

"ನಿಲ್ತಾ ಐತಲ್ಲ. ರೂಢಿ ಆಗೋದ್ರೆ ಏನೂ ಇಲ್ಲ ಕಣ್ಲಾ."

ನನ್ನ ಮೈ ಉರಿಯುವುದು ಈ 'ರೂಢಿ'ಗೇ. ನಮ್ಮ ಶಾಲೆಯ ಸ್ಟಾಫ್ ರೂಮಿನ ಬಾಗಿಲು ಎತ್ತಿ ತಳ್ಳಿದರೆ ಮಾತ್ರ ತೆಗೆಯುತ್ತೆ. ಹೊಸ ಮೇಷ್ಟ್ರು ಬಂದರೆ ನಾವು ಮೊದಲು ಕಲಿಸುವುದು ಅದನ್ನೇ, ಬಡಗಿಯನ್ನು ಕರೆಯುವುದಿಲ್ಲ. ತೋಟದ ಪಂಪ್‌ಸೆಟ್ ಸ್ಟಾರ್ಟರನ್ನ ಒಣಗಿದ ಕೋಲಿನಿಂದಲೇ ಒತ್ತಬೇಕು, ಬೆರಳು ಇಟ್ಟರೆ ಶಾಕ್. ಆ ಕೋಲಿಗೆ ಗೋಡೆಯಲ್ಲಿ ಒಂದು ಮೊಳೆ ಬೇರೆ. ವಸ್ತುವನ್ನ ಸರಿ ಮಾಡುವುದು ಬಿಟ್ಟು ನಾವೇ ಅದರ ಅಳತೆಗೆ ಡೊಂಕಾಗಿ, ಅದಕ್ಕೊಂದು ಹೆಸರಿಡುತ್ತೇವೆ. ಅನುಭವ ಅಂತ.

ಬಾಗಿಲಾದರೆ ಹೋಗಲಿ. ಇದು ಲಾರಿ. ಅದರಲ್ಲೂ ಆ ಭಾನುವಾರ ಅದರಲ್ಲಿ ಹೋಗಬೇಕಿದ್ದದ್ದು ಎಳನೀರಲ್ಲ.

ಅಣ್ಣನ ಮಗಳ ಮದುವೆ ಅಷ್ಟರಲ್ಲಿ ಚೆನ್ನಾಗಿ ಆಗಿತ್ತು. ಏನೇನೋ ಕಾರಣಕ್ಕೆ ಮುಂದೆ ಹೋಗಿದ್ದ ಬೀಗರ ಊಟ ಭಾನುವಾರಕ್ಕೆ ನಿಂತಿತ್ತು. ಗಂಡಿನ ಊರು ಅರಕಲಗೂಡು ದಾಟಿ. ಕಟ್ಟಾಯ ಪಕ್ಕದ ನಮ್ಮೂರಿನಿಂದ ನೆಂಟರೆಲ್ಲ ಲಾರಿ ಹಿಂದೆ, ಎಪ್ಪತ್ತು ದಾಟಿದ ನಮ್ಮವ್ವ ಮುಂದೆ ಕ್ಯಾಬಿನ್‌ನಲ್ಲಿ. ಇದು ಅಣ್ಣನ ಪ್ಲಾನು. ಆ ಊರಿಗೆ ಇಳಿಯುವ ಇಳಿಜಾರು ಮುಗಿಯುವುದೇ ಕೆರೆ ಏರಿಯ ತಿರುವಿನಲ್ಲಿ. ಅಲ್ಲಿ ತಪತಪ ತುಳಿಯಲು ಟೈಮ್ ಯಾರು ಕೊಡುತ್ತಾರೆ?

ಸರಕಿನ ಗಾಡಿಯಲ್ಲಿ ಜನ ತುಂಬಬಾರದು ಅಂತ ಕಾನೂನಿದೆ ಅಂದೆ. "ನಮ್ ಜನ ಅಲ್ವೇನ್ಲಾ" ಅಂದ. ಚೊಂಬು, ಹಂಡೆ ಎಲ್ಲ ಹೇಳಿದೆ. "ನೀನ್ ಓದಿರೋನು, ನಿಂಗೆ ಭಯ ಜಾಸ್ತಿ" ಅಂದ. ಸರಿಯಾದ ಸಿಲಿಂಡರ್ ಹಾಸನಕ್ಕೆ ತರಿಸಿ ಹಾಕುವವರೆಗೆ ಲಾರಿ ನಿಲ್ಲಿಸು, ಭಾನುವಾರ ಬಸ್ಸಲ್ಲಿ ಹೋಗೋಣ ಅಂದೆ. "ಲಾರಿ ಮಡಿಕ್ಕಂಡು ಬೀಗರ ಮನೆಗೆ ಬಸ್ಸಲ್ಲಿ ಓಗದಾ? ಮುಖ ಎಲ್ಲಿ ಇಟ್ಕಳದು?" ಅಂದ. ಅವ್ವನ ಹತ್ತಿರ ದೂರು ಒಯ್ದೆ. "ಅವನು ಅಷ್ಟ್ ವರ್ಸದಿಂದ ಓಡುಸ್ತಾವ್ನೆ ಕಣಪ್ಪ. ನಂಗೆ ಕಿಟಕಿ ಕಡೆ ಜಾಗ ಕೊಡ್ಸು" ಅಂದರು.

ಶನಿವಾರ ಸಂಜೆ ಮಗಳೂ ಅಳಿಯನೂ ಊಟಕ್ಕೆ ಕರೆಯಲು ಮನೆಗೆ ಬಂದರು. ಹುಡುಗ ಒಳ್ಳೆಯವನು, ಗಾಡಿ ಅಂದರೆ ಪ್ರಾಣ. ಮದುವೆ ಮನೆಯಲ್ಲಿ ಅಣ್ಣ ಡಿಸ್ಕ್ ಬ್ರೇಕಿನ ಬಗ್ಗೆ ಕೊಚ್ಚಿಕೊಂಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದ. ಕಾಫಿ ಲೋಟ ಕೆಳಗಿಟ್ಟು ಕೇಳಿದ.

"ಮಾವ, ನಾಳೆ ಲಾರಿ ನಾನೇ ಓಡಿಸ್ತೀನಿ. ಕೀ ಕೊಡಿ."

ಹೊಸ ಅಳಿಯ ಬಾಯಿ ಬಿಟ್ಟು ಕೇಳಿದ್ದನ್ನ ಇಲ್ಲ ಅನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಕೋಳಿ ಕೇಳಿದರೆ ಕೋಳಿ, ವಾಚ್ ಕೇಳಿದರೆ ವಾಚು. ಅಣ್ಣನ ಕೈ ಜೇಬಿಗೆ ಹೋಯಿತು. ಅಲ್ಲೇ ನಿಂತಿತು.

"ಬ್ಯಾಡಿ ಅಳಿಯಂದ್ರೆ."

"ಯಾಕ್ ಮಾವ? ನಾನೂ ಕ್ಯಾಂಟರ್ ಓಡಿಸ್ತೀನಲ್ಲ."

"ಅಂಗಲ್ಲ. ನಿಮ್ಗೆ ಅದ್ರು ರೂಢಿ ಇಲ್ಲ."

"ಬ್ರೇಕ್ ಒತ್ತಾಕೆ ರೂಢಿ ಯಾಕ್ ಮಾವ?"

ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅತ್ತಿಗೆಯ ಕೈ ನಿಂತಿತು. ಅಣ್ಣ ನನ್ನ ಕಡೆ ನೋಡಿದ. ನಾನು ಕಾಫಿ ಲೋಟ ಎತ್ತಿಕೊಂಡೆ. ವಾರವಿಡೀ ಹೇಳಿ ಬಾಯಿ ನೋಯುತ್ತಿತ್ತು. ಅಣ್ಣ ಮಗಳ ಮುಖ ನೋಡಿದ, ಅವಳ ಕೊರಳಿನ ಹೊಸ ಅರಿಶಿನದ ದಾರ ನೋಡಿದ.

"ಬ್ರೇಕು ಸರಿಗಿಲ್ಲ ಅಳಿಯಂದ್ರೆ" ಅಂದ, ಮೆಲ್ಲಗೆ. "ನಾಳೆ ಬಸ್ಸಲ್ಲೇ ಬತ್ತೀವಿ."

ಬಸ್ಸಲ್ಲೇ ಹೋದೆವು, ಅವ್ವನಿಗೆ ಕಿಟಕಿ ಕಡೆ ಜಾಗ ಕೊಡಿಸಿ. ಊಟ ಚೆನ್ನಾಗಿತ್ತು. ಮುಖ ಎಲ್ಲಿ ಇಟ್ಟುಕೊಂಡಿರಿ ಅಂತ ಬೀಗರು ಯಾರೂ ಕೇಳಲಿಲ್ಲ, ಇನ್ನೊಂದು ಪೀಸು ಹಾಕಲಾ ಅಂತಲೇ ಕೇಳಿದರು. ಲಾರಿ ಈಗ ಹಾಸನದ ಒಂದು ವರ್ಕ್‌ಶಾಪಿನಲ್ಲಿ ಸರಿಯಾದ ಸಿಲಿಂಡರಿಗೆ ಕಾಯುತ್ತಾ ನಿಂತಿದೆ. ಎಲ್ಲ ಒಳ್ಳೆಯದೇ ಆಯಿತಲ್ಲ, ಇನ್ನೇನು ನಿಂದು ಅಂತ ಮನೆಯಲ್ಲಿ ನನ್ನನ್ನೇ ಗದರುತ್ತಾರೆ.

ನಂದು ಇಷ್ಟೇ. ಅಳಿಯ ಒತ್ತುವ ಹೊತ್ತಿಗೆ ಸರಿಗಿಲ್ಲದ ಬ್ರೇಕು, ಅವ್ವ ಕೂರುವ ಹೊತ್ತಿಗೆ ಹೇಗೆ ಸರಿಗಿತ್ತು?